ನೆಲ ಮುಟ್ಟುವ ಹಗ್ಗ

ಆ ನದಿಯ ದಂಡೆಯಲ್ಲಿ ಎಷ್ಟು ಊರುಗಳಿದ್ದವೋ ಅಷ್ಟು ಹಗ್ಗಗಳಿದ್ದವು. ಪ್ರತಿ ಊರಿನ ಹೆಬ್ಬಾಗಿಲ ತೊಲೆಯಿಂದ ಒಂದೊಂದು ಹಗ್ಗ ಇಳಿಬಿದ್ದಿತ್ತು. ಬೇನೆ ಬರುವ ಮುಂಚೆ ಎಲ್ಲ ಹಗ್ಗಗಳ ತುದಿಯೂ ನೆಲ ಮುಟ್ಟುತ್ತಿತ್ತು. ಬೇನೆ ಬಂದ ಮೇಲೆ ಒಂದು ಸಾವಿಗೆ ಒಂದು ಗಂಟು. ಗಂಟು ಬಿದ್ದಷ್ಟೂ ಹಗ್ಗ ಗಿಡ್ಡವಾಗುತ್ತಿತ್ತು, ಗಿಡ್ಡವಾದಷ್ಟೂ ತುದಿ ಮೇಲಕ್ಕೇರುತ್ತಿತ್ತು.

ತುದಿ ಮೊಣಕಾಲು ದಾಟಿದರೆ ಊರಿಗೆ ಸಂತೆ ಇಲ್ಲ, ಮದುವೆ ಇಲ್ಲ, ಹಬ್ಬ ಇಲ್ಲ. ಸೊಂಟ ದಾಟಿದರೆ ನೆರೆಮನೆಯ ಹೊಸ್ತಿಲು ತುಳಿಯುವಂತಿಲ್ಲ. ಎದೆ ದಾಟಿದರೆ ಯಜಮಾನ ಕಟ್ಟೆಯಿಂದ ಇಳಿದು, ಅಂದಿನಿಂದ ಪ್ರತಿ ಹೆಣಕ್ಕೂ ತಾನೇ ಹೆಗಲು ಕೊಡಬೇಕು. ಯಾರ ಮೊಣಕಾಲು, ಯಾರ ಸೊಂಟ, ಯಾರ ಎದೆ ಎಂದು ಹಿರಿಯರು ಹೇಳಿಟ್ಟಿರಲಿಲ್ಲ. ಹಾಗಾಗಿ ತುಂಬಾ ಎತ್ತರದವರನ್ನು ಹುಡುಕಿ ಯಜಮಾನರನ್ನಾಗಿ ಮಾಡುವ ಪದ್ಧತಿ ಆ ಸೀಮೆಯಲ್ಲೆಲ್ಲ ಬೆಳೆದುಬಂದಿತ್ತು.

ಇನ್ನೊಂದು ಕಟ್ಟಳೆಯೂ ಇತ್ತು. ಯಾವ ಮನೆಯ ಸಾವಿಗೆ ಗಂಟು ಬಿತ್ತೋ ಆ ಮನೆಗೆ ನಲವತ್ತು ದಿನ ಯಾರೂ ಒಳಗೆ ಹೋಗುವಂತಿಲ್ಲ, ಒಳಗಿನವರು ಹೊರಗೆ ಬರುವಂತಿಲ್ಲ. ಬೀದಿಯವರು ಗಂಜಿ ಬೇಯಿಸಿ ಹೊಸ್ತಿಲಾಚೆ ಇಟ್ಟು, ಕೋಲಿನಿಂದ ಬಾಗಿಲು ಬಡಿದು, ಹಿಂದೆ ಸರಿದು ನಿಲ್ಲುತ್ತಿದ್ದರು. ಸತ್ತವರು ಮಲಗಿದ್ದ ಮಂಚವನ್ನು ಹೊರಗೋಡೆಗೆ ನೆಟ್ಟಗೆ ಒರಗಿಸಿಟ್ಟಿರುತ್ತಿದ್ದರು. ಗಂಜಿ ಎಲ್ಲಿಡಬೇಕು ಎಂಬುದಕ್ಕೆ ಅದೇ ಗುರುತು.

ಮೇಲಿನ ಊರಿನಲ್ಲಿ ಗಂಟು ಹಾಕುವ ಕೆಲಸ ಒಬ್ಬ ಹೆಂಗಸಿನದು. ಎಲ್ಲರೂ ಅವಳನ್ನು ಗಂಟಿನಕ್ಕ ಎನ್ನುತ್ತಿದ್ದರು. ಊರ ಹಗ್ಗದ ಮೊದಲ ಗಂಟು ಅವಳ ಗಂಡನದೇ. ಹೆಣ ಎತ್ತಿದ ಮೇಲೆ ಕೈ ತೊಳೆದು, ನೆರಳು ಕಾಲಡಿಗೆ ಬರುವ ಹೊತ್ತಿಗೆ ಹೆಬ್ಬಾಗಿಲಿಗೆ ಬಂದು, ಅವಳೇ ಹಾಕಿದಳು. ಕೈ ನಡುಗಲಿಲ್ಲವೇ ಎಂದು ಯಾರೋ ದೂರದಿಂದ ಕೇಳಿದ್ದಕ್ಕೆ, "ನಡುಗಿದ್ರೆ ಗಂಟು ಸಡಿಲ ಬೀಳುತ್ತೆ" ಎಂದಳಂತೆ. ಆಮೇಲಿನ ನಲವತ್ತು ದಿನ ಅವಳಿಗೆ ಮಾತ್ರ ಮಧ್ಯಾಹ್ನ ಹೊರಬರಲು ಅಪ್ಪಣೆಯಿತ್ತು. ಅವಳು ಬರುವಾಗ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು, ಹೋದ ಮೇಲೆ ತೆರೆಯುತ್ತಿತ್ತು. ಮೂರು ತಿಂಗಳಲ್ಲಿ ಎಂಬತ್ತಾರು ಗಂಟುಗಳು ಬಿದ್ದವು. ಹಗ್ಗದ ತುದಿ ಯಜಮಾನನ ಎದೆಗೆ ನಾಲ್ಕು ಬೆರಳು ಕೆಳಗೆ ಬಂದು ನಿಂತಿತು.

ಆಗಲೇ ಸುದ್ದಿ ಬಂದದ್ದು. ನದಿ ಹರಿದು ಹೋಗುವ ಕಡೆ, ಕೆಳಗೆ, ಒಂದು ಊರಿದೆ, ಬೇನೆ ಅಲ್ಲಿಗೂ ಹೋಗಿದೆ, ಆದರೆ ಅಲ್ಲಿನ ಹಗ್ಗ ಇನ್ನೂ ನೆಲ ಮುಟ್ಟುತ್ತದೆ.

ಮೇಲಿನ ಊರಿನವರು ಕಿಟಕಿಯಿಂದ ಕಿಟಕಿಗೆ ಕೂಗಿ ಕಾರಣ ಹುಡುಕತೊಡಗಿದರು. ಮೂರು ತಿಂಗಳು ಮನೆಯೊಳಗೆ ಕೂತವರಿಗೆ ಬೇರೆ ಕೆಲಸವೂ ಇರಲಿಲ್ಲ.

"ಅವರು ಸಾರಿಗೆ ಕರಿಮೆಣಸು ಹಾಕ್ತಾರೆ. ನಾವು ಹಸಿಮೆಣಸು."

"ಮೆಣಸಲ್ಲ ಕಣೆ. ಅಲ್ಲಿ ನದಿ ಎಡಕ್ಕೆ ತಿರುಗುತ್ತೆ. ಗಾಳಿ ಎಲ್ಲಾ ಹೊತ್ಕೊಂಡು ಹೋಗುತ್ತೆ."

"ಅಲ್ಲಿ ಮುದುಕರೇ ಇಲ್ಲವಂತಲ್ಲ. ಇದ್ರೆ ತಾನೇ ಸಾಯೋಕೆ?"

"ಹುಟ್ಟಿದಾಗಿಂದ ಕೆಸರುನೀರು ಕುಡಿದಿದ್ದಾರೆ, ಅವರ ಒಳಗೆ ಬೇನೆಗೇ ಉಸಿರು ಕಟ್ಟುತ್ತೆ."

"ಪುಣ್ಯವಂತರು ಬಿಡಿ" ಎಂದಿತು ಇನ್ನೊಂದು ಕಿಟಕಿ. ಆ ಮಾತನ್ನು ಮಾತ್ರ ಎಲ್ಲರೂ ಕೇಳಿಸಿಕೊಳ್ಳದವರ ಹಾಗೆ ಇದ್ದರು. ಒಪ್ಪಿಕೊಂಡರೆ ತಮ್ಮ ಪಾಲಿಗೆ ಏನು ಉಳಿಯುತ್ತದೆ?

ಕಾರಣ ಏನೇ ಇರಲಿ, ಹತ್ತು ದಿನಗಳಲ್ಲಿ ಊರಿಗೆ ಊರೇ ದೋಣಿ ಹತ್ತಿ ಕೆಳಗಿನ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ಗಂಟಿನಕ್ಕನ ಎದೆ ಒಡೆದದ್ದು ಆಗ. ಅವಳಿಗೆ ಇದ್ದವಳು ಒಬ್ಬಳೇ ಮಗಳು. ಬಸುರಿ, ತವರಿಗೆ ಬಂದಿದ್ದಳು. ಆರು ತಿಂಗಳ ಹೊಟ್ಟೆ ಹೊತ್ತು, ಯಾರು ಕೆಮ್ಮುತ್ತಾರೋ ಯಾರು ಸುಮ್ಮನಿರುತ್ತಾರೋ ಗೊತ್ತಿಲ್ಲದ ದೋಣಿಗಳಲ್ಲಿ ಮೈಗೆ ಮೈ ತಾಗಿಸಿ ಕೂತು ಹೋಗಬೇಕು. ಎಂಬತ್ತಾರು ಗಂಟು ಹಾಕಿದವಳಿಗೆ ಎಂಬತ್ತೇಳನೆಯದು ಕಣ್ಣಿಗೆ ಕಟ್ಟಿದಂತೆ ಕಾಣಿಸಿತು.

ಅವಳು ಯಜಮಾನನ ಕಟ್ಟೆಯ ಮುಂದೆ ನಿಂತು, "ನಾನು ಮೊದಲು ಹೋಗಿ ನೋಡಿ ಬರ್ತೀನಿ" ಎಂದಳು.

"ನೋಡೋದೇನಿದೆ? ಹಗ್ಗ ನೆಲದಲ್ಲಿದೆ."

"ಹಗ್ಗ ನೋಡೋಕಲ್ಲ ಯಜಮಾನ್ರೇ. ಗಂಟು ಹಾಕೋ ಕೈ ನೋಡೋಕೆ."

ಯಜಮಾನ ಕೆಟ್ಟವನೇನಲ್ಲ. ಮೂರು ತಿಂಗಳಲ್ಲಿ ಅರ್ಧ ಆಳಾಗಿದ್ದ. ದಿನವೂ ಮಧ್ಯಾಹ್ನ ಹಗ್ಗದ ಪಕ್ಕ ಬಂದು, ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಎಷ್ಟು ಸಾಧ್ಯವೋ ಅಷ್ಟು ಎತ್ತಿ ನಿಲ್ಲುತ್ತಿದ್ದ. "ಹೋಗಿ ಬಾರಮ್ಮ. ಆದರೆ ಬರೀ ಸುದ್ದಿ ತರಬೇಡ, ಕಾರಣ ತಗೊಂಡು ಬಾ" ಎಂದ.

ಅವಳ ಅಳಿಯ ಅಂಬಿಗ. ಅವನೇ ದೋಣಿ ನಡೆಸಿದ. ಅತ್ತೆ ಈ ತುದಿಯಲ್ಲಿ, ಅಳಿಯ ಆ ತುದಿಯಲ್ಲಿ, ನಡುವೆ ಬುತ್ತಿ.

"ಅತ್ತೆ, ಅಲ್ಲಿ ಸಂತೆ ನಡೆಯುತ್ತಂತೆ" ಎಂದ ಅವನು. "ಜನ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕ್ಕೊಂಡು ನಡೀತಾರಂತೆ."

"ನಿನಗೆ ಯಾರ ಹೆಗಲು ಬೇಕಾಗಿದೆಯೋ?"

"ಯಾರದ್ದಾದ್ರೂ ಸರಿ. ನಿಮ್ಮ ಮಗಳ ಹತ್ರಕ್ಕೂ ಬಿಡಲ್ಲವಲ್ಲ ನೀವು. ಕಿಟಕಿಯಿಂದ ಮಾತಾಡಿ ಮಾತಾಡಿ, ಕಿಟಕಿಯನ್ನೇ ಮದುವೆ ಆದ ಹಾಗಾಗಿದೆ."

ಗಂಟಿನಕ್ಕ ನಕ್ಕಳು. ಬೇನೆ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಮೊದಲ ದಿನ ಮಧ್ಯಾಹ್ನ ದಾರಿಯಲ್ಲಿ ಒಂದು ಸಣ್ಣ ಊರು ಸಿಕ್ಕಿತು. ಅದರ ಹಗ್ಗವೂ ನೆಲ ಮುಟ್ಟುತ್ತಿತ್ತು. ಮುಟ್ಟುವುದೇನು, ತುದಿಗೆ ಬಳ್ಳಿ ಹಬ್ಬಿತ್ತು. ಬೀದಿಯಲ್ಲಿ ಸದ್ದಿಲ್ಲ. ಹೊಳೆಯ ಕಲ್ಲಿನ ಮೇಲೆ ಒಬ್ಬ ಮುದುಕಿ ಒಂದೇ ಸೀರೆಯನ್ನು ಒಗೆಯುತ್ತಿದ್ದಳು, ಹಿಂಡುತ್ತಿದ್ದಳು, ಮತ್ತೆ ನೀರಿಗೆ ಅದ್ದುತ್ತಿದ್ದಳು.

"ನಿಮ್ಮೂರಲ್ಲಿ ಎಷ್ಟು ಜನ ಹೋದರಜ್ಜಿ?"

"ಯಾರೂ ಇಲ್ಲ ತಾಯಿ. ಹೋಗಿದ್ರೆ ಹಗ್ಗ ಹೇಳ್ತಿತ್ತು."

"ಗಂಟು ಹಾಕೋರು ಎಲ್ಲಿದ್ದಾರೆ?"

"ಅವರಿಲ್ಲ. ಮೊದಲನೇ ವಾರದಿಂದಲೇ ಇಲ್ಲ."

"ಏನಾದರು?"

ಮುದುಕಿ ಸೀರೆ ಹಿಂಡಿದಳು. "ಅವರಿಗೆ ಗಂಟು ಹಾಕೋಕೆ ಯಾರಿದ್ರು, ಹೇಳು? ಹಾಕಲಿಲ್ಲ. ಹಾಕದೆ ಇದ್ದ ಮೇಲೆ ಸತ್ತರು ಅನ್ನೋಕೆ ಬರಲ್ಲ. ಆಮೇಲಿನವರದೂ ಹಾಗೇ."

ಅಳಿಯ ದೋಣಿ ನೂಕಿದ. ಗಂಟಿನಕ್ಕನ ಅಂಗೈ ತುರಿಸುತ್ತಿತ್ತು.

ಎರಡನೆಯ ದಿನ ಕೆಳಗಿನ ಊರು ಬಂತು. ಅಂಬಿಗ ಹೇಳಿದ್ದು ಸುಳ್ಳಲ್ಲ. ಸಂತೆ ತುಂಬಿತ್ತು. ಬೆಲ್ಲದ ಅಂಗಡಿಯ ಮುಂದೆ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ನಿಂತಿದ್ದರು. ಒಬ್ಬಳು ಇನ್ನೊಬ್ಬಳ ತಲೆಯಲ್ಲಿ ಹೇನು ಹೆಕ್ಕುತ್ತಿದ್ದಳು. ಗಂಡಸರು ಒಂದೇ ಲೋಟದಿಂದ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು. ಹೆಬ್ಬಾಗಿಲಿನ ಹಗ್ಗ ಧೂಳಿನಲ್ಲಿ ಸುರುಳಿ ಸುತ್ತಿ ಮಲಗಿತ್ತು. ಅಳಿಯನಿಗೆ ಕಣ್ಣೀರು ಬಂತು. "ನೋಡಿ ಅತ್ತೆ" ಎಂದ.

ಅತ್ತೆ ನೋಡುತ್ತಿದ್ದದ್ದು ಹಗ್ಗವನ್ನಲ್ಲ. ಬೀದಿಯ ಉದ್ದಕ್ಕೂ ಹೊರಗೋಡೆಗಳಿಗೆ ಮಂಚಗಳು ಒರಗಿ ನಿಂತಿದ್ದವು. ಈ ಮನೆಗೆ ಒಂದು, ಆ ಮನೆಗೆ ಎರಡು, ಅದರಾಚೆಯ ಮನೆಗೆ ನಾಲ್ಕು. ನಾಲ್ಕರಲ್ಲಿ ಒಂದು ಚಿಕ್ಕದು, ಮಕ್ಕಳದು.

ಮೊದಲ ಮನೆಯ ಹೆಂಗಸನ್ನು ಅವಳು ಕೇಳಿದಳು. "ಇದೇನಮ್ಮ, ಮಂಚ ಹೊರಗೆ?"

"ತಿಗಣೆ ಕಣ್ರೀ. ಬಿಸಿಲಿಗೆ ಇಟ್ಟಿದ್ದೀವಿ."

ಎರಡನೆಯ ಮನೆಯಲ್ಲೂ ತಿಗಣೆ. ಮೂರನೆಯ ಮನೆಯಲ್ಲೂ ತಿಗಣೆ. ಐದನೆಯ ಮನೆಯ ಮುದುಕ ಅವಳು ಬಾಯಿ ತೆರೆಯುವ ಮುಂಚೆಯೇ "ತಿಗಣೆ" ಎಂದ. ಏಳನೆಯ ಮನೆಯಲ್ಲಿ ಹೇಳುವವರೇ ಇರಲಿಲ್ಲ.

ನೆರಳು ಕಾಲಡಿಗೆ ಬಂದಾಗ ಹೆಬ್ಬಾಗಿಲಲ್ಲಿ ಐದು ಜನ ಬಂದು ಕೂತರು. ಅವರಿಗೆ ಕಾರಣದವರು ಎಂದು ಹೆಸರು. ಅವರ ಪಕ್ಕದಲ್ಲಿ, ಹಗ್ಗದ ಬುಡದಲ್ಲಿ, ಒಬ್ಬ ಅಜ್ಜ ಕೈಕಟ್ಟಿ ಕೂತಿದ್ದ. ಅವನು ಆ ಊರಿನ ಗಂಟಿನವನು. ಒಬ್ಬ ಹೆಂಗಸು ಒದ್ದೆ ಕೂದಲಲ್ಲೇ ಬಂದು ಮುಂದೆ ನಿಂತಳು.

"ಯಾರಮ್ಮ ಹೋದದ್ದು?"

"ನಮ್ಮನೆಯವರು. ನೇಕಾರರು."

"ಏನಾಗಿತ್ತು?"

"ಬೇನೆ. ಒಂಬತ್ತು ದಿನ ಜ್ವರ. ಆಮೇಲೆ ಉಸಿರು ಸಿಗಲಿಲ್ಲ."

"ಅದು ಸರಿ. ಬೇನೆ ಬರೋ ಮುಂಚೆ ಏನಾಗಿತ್ತು?"

"ಏನೂ ಇರಲಿಲ್ಲ ಸ್ವಾಮಿ. ಕಲ್ಲುಗುಂಡಿನ ಹಾಗಿದ್ರು."

"ಏನೂ ಇಲ್ಲದೆ ಮನುಷ್ಯ ಇರೋಕೆ ಆಗಲ್ಲಮ್ಮ, ಯೋಚನೆ ಮಾಡಿ ಹೇಳು. ನಿದ್ದೆ ಕಮ್ಮಿ? ಹಳೇ ಸಿಟ್ಟು? ರಾತ್ರಿ ಮೊಸರು ತಿನ್ನೋದು?"

ಹೆಂಗಸು ಯೋಚಿಸಿದಳು. "ಮಗ್ಗದ ಗುಂಡೀಲಿ ಕಾಲು ಬಿಟ್ಕೊಂಡು ಕೂತು ಕೂತು, ಮಂಡಿ ಒಂಚೂರು…"

"ಮಂಡಿ" ಎಂದ ಮೊದಲನೆಯವನು. "ಮಂಡಿ" ಎಂದರು ಉಳಿದ ನಾಲ್ವರು, ಒಬ್ಬರಾದ ಮೇಲೆ ಒಬ್ಬರು. ನೇಕಾರ ಮಂಡಿನೋವಿನಿಂದ ಸತ್ತ. ಬೇನೆ ಅವನು ಸಾಯುವಾಗ ಪಕ್ಕದಲ್ಲಿತ್ತು, ಅಷ್ಟೇ. ಗಂಟು ಬೇಕಾಗಿಲ್ಲ. ಹೆಂಗಸು ಕಣ್ಣೊರೆಸಿಕೊಂಡು ಹೊರಟಳು. ನಲವತ್ತು ದಿನ ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ಮಗ್ಗದ ಮೇಲಿದ್ದ ಸೀರೆ ಮುಗಿಸಿ ಸಂತೆಗೆ ತರಬಹುದು. ಅವಳ ಮುಖದಲ್ಲಿ ದುಃಖದ ಜೊತೆಗೇ ಒಂದು ನಿರಾಳ ಕಂಡಿತು. ಆ ನಿರಾಳ ಕಂಡೇ ಗಂಟಿನಕ್ಕನಿಗೆ ಹೆಚ್ಚು ಹೆದರಿಕೆಯಾಯಿತು.

ಕಾರಣದವರು ಎದ್ದು ಹೋದ ಮೇಲೆ ಅವಳು ಅಜ್ಜನ ಪಕ್ಕ, ಎರಡು ಮಾರು ಬಿಟ್ಟು, ಕೂತಳು.

"ಅಜ್ಜ, ನೀವು ಎಷ್ಟು ಗಂಟು ಹಾಕಿದ್ದೀರಿ?"

"ಎರಡು. ಒಬ್ಬ ಜಟ್ಟಿ. ಐದು ಜನ ಮೂರು ದಿನ ತಡಕಾಡಿದರೂ ಅವನ ಮೈಯಲ್ಲಿ ಇನ್ನೊಂದು ಕಾರಣ ಸಿಗಲಿಲ್ಲ. ಇನ್ನೊಬ್ಬ ದಾರಿಹೋಕ. ಅವನಿಗೆ ಏನಿತ್ತು ಅಂತ ಹೇಳೋಕೆ ಮನೆಯವರೇ ಇರಲಿಲ್ಲ."

"ಎರಡು ಗಂಟಿಗೆ ಹಗ್ಗ ಒಂಚೂರಾದರೂ ಮೇಲೆ ಬರಬೇಕಲ್ಲ?"

"ಬಂತು. ಆ ಸಂಜೆಯೇ ಮೇಲೆ ತೊಲೆ ಹತ್ರ ಸಡಿಲ ಬಿಟ್ಟರು." ಅಜ್ಜ ತನ್ನ ಅಂಗೈಗಳನ್ನು ಚಾಚಿದ. ಬೆಣ್ಣೆಯ ಹಾಗೆ ಮೆತ್ತಗಿದ್ದವು. "ನಿನ್ನ ಕೈ ತೋರಿಸು."

ತೋರಿಸಿದಳು. ಹಗ್ಗ ಉಜ್ಜಿ ಉಜ್ಜಿ ಎರಡೂ ಅಂಗೈ ಕಪ್ಪಗೆ ಜಡ್ಡುಗಟ್ಟಿದ್ದವು.

"ಎಷ್ಟು?"

"ಎಂಬತ್ತಾರು." ಹೇಳುವಾಗ ಅವಳಿಗೆ ನಾಚಿಕೆಯಾಯಿತು, ಹಾಳಾದ ಅಡುಗೆ ಬಡಿಸಿದವಳ ಹಾಗೆ.

ಅಜ್ಜ ಅವಳ ಅಂಗೈಯ ಜಡ್ಡನ್ನೇ ನೋಡಿದ. "ಎಲ್ಲಾ ಸೇರಿ ಎಂಬತ್ತಾರೇನಾ?" ಎಂದ. "ನಮ್ಮಲ್ಲಿ ಕುಂಬಾರರ ಬೀದಿ ಒಂದರಲ್ಲೇ ಅದಕ್ಕಿಂತ ಹೆಚ್ಚಾಗಿದೆ."

ಸಂತೆಯ ಗದ್ದಲ ಒಮ್ಮೆ ಏರಿ ಇಳಿಯಿತು.

"ನಿಮ್ಮೂರಲ್ಲಿ ಗಂಟು ಬಿದ್ದಾಗ ಜನ ಏನು ಮಾಡ್ತಾರೆ?" ಎಂದು ಅಜ್ಜನೇ ಕೇಳಿದ.

"ಬಾಗಿಲು ಹಾಕ್ಕೋತಾರೆ. ಆ ಮನೆಗೆ ಗಂಜಿ ಇಡ್ತಾರೆ. ಹಗ್ಗ ನೋಡಿ ಹೆದರ್ತಾರೆ."

"ಹ್ಞೂಂ. ಇಲ್ಲಿ ಹಗ್ಗ ನೋಡಿ ಧೈರ್ಯ ತಗೋತಾರೆ" ಎಂದ ಅಜ್ಜ. "ಹೋಗು ಮಗಳೇ. ಇಲ್ಲಿ ನೀರು ಕೂಡ ಕುಡೀಬೇಡ. ನಾನು ಹೇಳಿದೆ ಅಂತಲೂ ಹೇಳಬೇಡ. ನನಗೆ ವಯಸ್ಸಾಗಿದೆ, ಕಾರಣ ಹುಡುಕೋದು ಅವರಿಗೆ ಕಷ್ಟವಾಗಲ್ಲ."

ನದಿಗೆದುರಾಗಿ ಹುಟ್ಟು ಹಾಕುತ್ತ ಹಿಂದಿರುಗಲು ನಾಲ್ಕು ದಿನ ಹಿಡಿಯಿತು. ಅಳಿಯ ಒಮ್ಮೆ ಮಾತ್ರ ಬಾಯಿ ಬಿಟ್ಟ. "ಆ ಚಿಕ್ಕ ಮಂಚ ನೀವೂ ನೋಡಿದ್ರಾ?" ಎಂದು ಕೇಳಿದ. ಅವಳು ನೋಡಿದೆ ಎಂದಳು. ಅವನು ಇನ್ನಷ್ಟು ಜೋರಾಗಿ ಹುಟ್ಟು ಹಾಕಿದ.

ಮೇಲಿನ ಊರಿನ ಹೆಬ್ಬಾಗಿಲ ಮುಂದೆ ಜನ ಅಷ್ಟಷ್ಟು ದೂರದಲ್ಲಿ ನಿಂತು ಅವಳ ಮಾತು ಕೇಳಿದರು. ಅವಳು ಒಂದನ್ನೂ ಬಿಡಲಿಲ್ಲ. ಬಳ್ಳಿ ಹಬ್ಬಿದ ಹಗ್ಗ, ತಿಗಣೆಯ ಮಂಚಗಳು, ನೇಕಾರನ ಮಂಡಿ. ಅಜ್ಜನ ಹೆಸರೆತ್ತದೆ ಕುಂಬಾರರ ಬೀದಿಯನ್ನೂ ಹೇಳಿದಳು. "ಅಲ್ಲಿ ನಮಗಿಂತ ಹೆಚ್ಚು ಜನ ಸತ್ತಿದ್ದಾರೆ. ಗಂಟು ಮಾತ್ರ ಹಾಕಿಲ್ಲ. ಗಂಟು ಹಾಕದೆ ಇರೋದಕ್ಕೇ ಇನ್ನೂ ಸಾಯ್ತಿದ್ದಾರೆ. ಯಾರೂ ಹೋಗಬೇಡಿ" ಎಂದಳು.

ಜನ ಬೆಚ್ಚಿಬಿದ್ದರು. ಅಲ್ಲಿಗೆ ಹೋಗುವ ಮಾತು ನಿಂತಿತು. ದಡದಲ್ಲಿ ಸಿದ್ಧವಾಗಿದ್ದ ದೋಣಿಗಳನ್ನು ಅಂದೇ ಮಗುಚಿ ಹಾಕಿದರು. ಗಂಟಿನಕ್ಕ ಮನೆಗೆ ಬಂದು, ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ತನ್ನ ಮಾತಿನಿಂದ ಒಂದು ಊರು ಉಳಿಯಿತು ಎಂದುಕೊಂಡಳು.

ಆದರೆ ಯಜಮಾನ ಅವಳ ಮಾತನ್ನು ಬೇರೆ ರೀತಿ ಕೇಳಿಸಿಕೊಂಡಿದ್ದ. ಮಂಚಗಳು ಅವನ ಒಂದು ಕಿವಿಯಿಂದ ಹೋದವು, ಮಂಡಿ ಇನ್ನೊಂದರಲ್ಲಿ ಉಳಿಯಿತು. ಮೂರನೆಯ ದಿನ ಅವಳನ್ನು ಕರೆಸಿದ. ಕಟ್ಟೆಯ ಮೇಲೆ ಅವನ ಜೊತೆ ಇನ್ನೂ ನಾಲ್ವರು ಕೂತಿದ್ದರು.

"ಅಂದರೆ ಗಂಟಿನಕ್ಕ, ಮೆಣಸೂ ಅಲ್ಲ, ಗಾಳಿಯೂ ಅಲ್ಲ. ಕಾರಣ ಕೇಳೋದು. ಅಷ್ಟೇ ತಾನೇ?"

"ಯಜಮಾನ್ರೇ, ನಾನು ಹೇಳಿದ್ದು ಅದಲ್ಲ."

"ಹೇಳಿದ್ದು ಅದೇ. ಅವರು ಜಾಸ್ತಿ ಕೇಳಿ ಕೆಟ್ಟರು. ನಾವು ನ್ಯಾಯವಾಗಿ ಕೇಳೋಣ. ಆ ಎಂಬತ್ತಾರರಲ್ಲಿ ಎಲ್ಲಾ ಬೇನೆಯಿಂದಲೇ ಅಂತ ನಿನ್ನ ಗಂಡನ ಮೇಲೆ ಆಣೆ ಇಟ್ಟು ಹೇಳ್ತೀಯಾ?"

ಅವಳು ಬಾಯಿ ತೆರೆದಳು. ತೆಂಗಿನಮರದಿಂದ ಬಿದ್ದವನೊಬ್ಬನಿದ್ದ. ಅವನಿಗೆ ಜ್ವರವೂ ಇತ್ತು, ಜ್ವರಕ್ಕೇ ತಲೆ ತಿರುಗಿ ಬಿದ್ದನೋ, ಕಾಲು ಜಾರಿತೋ, ಯಾರಿಗೆ ಗೊತ್ತು? ಅವಳು ಗಂಟು ಹಾಕಿದ್ದಳು. ತೊಂಬತ್ತು ದಾಟಿದ ಮುದುಕಿಯೊಬ್ಬಳಿದ್ದಳು. ಗಂಟಿನಕ್ಕನಿಗೆ ಸುಳ್ಳು ಬಾರದು. "ಒಂದೆರಡು ಇರಬಹುದು" ಎಂದಳು.

ಕಟ್ಟೆಯ ಮೇಲಿದ್ದ ಐವರೂ ಒಟ್ಟಿಗೆ ಉಸಿರು ಬಿಟ್ಟರು.

ಮರುದಿನದಿಂದ ಗಂಟು ಬಿಚ್ಚುವ ಕೆಲಸ ಶುರುವಾಯಿತು. ನೆರಳು ಕಾಲಡಿಗೆ ಬಂದಾಗ ಐವರು ಕೂರುತ್ತಿದ್ದರು, ಒಂದು ಮನೆಯವರಾದ ಮೇಲೆ ಇನ್ನೊಂದು ಮನೆಯವರು ಬಂದು ನಿಲ್ಲುತ್ತಿದ್ದರು, ಮುಂಚೆ ಏನಾಗಿತ್ತು ಎಂಬ ಪ್ರಶ್ನೆ ಬರುತ್ತಿತ್ತು. ತೆಂಗಿನಮರದವನ ಗಂಟು ಬಿಚ್ಚಿತು. ಮುದುಕಿಯ ಗಂಟು ಬಿಚ್ಚಿತು. ಆಮೇಲೆ ಬೊಜ್ಜಿನವನದು, ಬೀಡಿ ಸೇದುವವನದು, ಹೆಂಡತಿ ಸತ್ತ ಕೊರಗಿದ್ದವನದು. ಆ ಹೆಂಡತಿಯದೂ ಬಿಚ್ಚಿತು, ಅವಳಿಗೆ ಗಂಡನ ಕೊರಗಿತ್ತು. ಗಂಟಿನಕ್ಕ ತಾನೇ ಬಿಗಿದದ್ದನ್ನು ತಾನೇ ಬಿಚ್ಚಿದಳು. ಉಗುರಿಗೆ ಬಗ್ಗದವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಎಂಟನೆಯ ದಿನಕ್ಕೆ ಮೇಲಿನ ಮೊದಲ ಗಂಟೊಂದೇ ಉಳಿಯಿತು. ಏಣಿ ತಂದಿಟ್ಟರು.

"ನಿನ್ನ ಗಂಡ ಗುಡ್ಡ ಹತ್ತುವಾಗ ಏದುಸಿರು ಬಿಡ್ತಿದ್ದ. ಊರಿಗೇ ಗೊತ್ತು" ಎಂದ ಯಜಮಾನ, ಮೆಲ್ಲಗೆ, ಸಮಾಧಾನ ಹೇಳುವವನ ಹಾಗೆ.

"ಗುಡ್ಡ ಹತ್ತುವಾಗ ಎಲ್ಲರೂ ಬಿಡ್ತಾರೆ."

"ಅದೇ ಮತ್ತೆ. ಎಲ್ಲರಿಗೂ ಏನೋ ಒಂದು ಇರುತ್ತೆ."

ಅವಳು ಏಣಿ ಹತ್ತಿದಳು. ಆ ಗಂಟು ಕಲ್ಲಾಗಿತ್ತು. ಅವಳ ಬಾಯಲ್ಲಿ ರಕ್ತ ಬಂತು, ಗಂಟು ಬಿಚ್ಚಿತು, ಹಗ್ಗದ ತುದಿ ಧೊಪ್ಪೆಂದು ನೆಲಕ್ಕೆ ಬಿತ್ತು. ಎಂಬತ್ತಾರು ಕಡೆ ಅದು ಇನ್ನೂ ಸೊಟ್ಟಗೆ ಮಡಿಚಿಕೊಂಡಿತ್ತು. ಆದರೆ ತುದಿ ನೆಲದಲ್ಲಿತ್ತು, ಮತ್ತು ಜನ ನೋಡಿದ್ದು ತುದಿಯನ್ನು ಮಾತ್ರ.

ಊರಿನ ಬಾಗಿಲುಗಳು ತೆರೆದುಕೊಂಡವು. ಮೂರು ತಿಂಗಳು ಮುಟ್ಟದವರು ಮುಟ್ಟಿದರು. ಅಂದು ಬೀದಿಯಲ್ಲಿ ನಡೆದದ್ದನ್ನು ನೋಡಿದ್ದರೆ ಯಾರಿಗೂ ತಪ್ಪು ಹೇಳಲು ಮನಸ್ಸು ಬರುತ್ತಿರಲಿಲ್ಲ. ಅಕ್ಕತಂಗಿಯರು ಒಬ್ಬರ ಕೆನ್ನೆಗೊಬ್ಬರು ಕೆನ್ನೆ ಹಚ್ಚಿ ಅತ್ತರು. ಅಂಬಿಗ ಕಿಟಕಿಯ ಹತ್ತಿರಕ್ಕೂ ಹೋಗದೆ ನೇರ ಬಾಗಿಲಿನಿಂದ ಒಳಗೆ ಬಂದು ಹೆಂಡತಿಯ ಪಕ್ಕ ಕೂತ.

ಒಂದು ವಾರಕ್ಕೆ ಮಗಳು ಕೇಳಿದಳು. "ಅಮ್ಮ, ನನ್ನ ಸೀಮಂತ?"

"ಬೇಡ ಕಂದ. ಹೆರಿಗೆ ಆಗಲಿ, ಆಮೇಲೆ ಏನು ಬೇಕಾದರೂ ಮಾಡೋಣ."

"ಹೆರಿಗೆ ಆದ ಮೇಲೆ ಸೀಮಂತ ಯಾರು ಮಾಡ್ತಾರಮ್ಮ? ಹಗ್ಗ ನೆಲದಲ್ಲಿದೆಯಲ್ಲ. ಎಲ್ಲರೂ ಕೇಳ್ತಿದ್ದಾರೆ, ಗಂಟಿನಕ್ಕನಿಗೆ ತನ್ನ ಹಗ್ಗದ ಮೇಲೇ ನಂಬಿಕೆ ಇಲ್ವಾ ಅಂತ."

ಆ ಹಗ್ಗ ಯಾಕೆ ನೆಲದಲ್ಲಿದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಮಗಳ ಬರಿಗೈ ನೋಡಿದಳು. ಕುಪ್ಪಸ ಬಿಗಿಯಾಗುವಷ್ಟು ದುಂಡಗಾಗಿದ್ದ ತೋಳು ನೋಡಿದಳು. ಬೆಲ್ಲದ ಪಾಕದ ವಾಸನೆ, ಹೆಂಗಸರ ಹಾಡು, ಹಸಿರು ಬಳೆಯ ಸದ್ದು, ಇವೆಲ್ಲ ಅವಳಿಗೂ ಬೇಕಾಗಿದ್ದವು. ಎಂಬತ್ತಾರು ಸಲ ಗಂಟು ಹಾಕಿ, ಎಂಬತ್ತಾರು ಸಲ ಬಿಚ್ಚಿ, ಅವಳೂ ದಣಿದಿದ್ದಳು. "ಸರಿ, ಕರೆಯೋಣ" ಎಂದಳು.

ಊರೆಲ್ಲ ಬಂತು. ಮಗಳ ಎರಡೂ ಕೈಗೆ ಮೊಣಕೈವರೆಗೆ ಬಳೆ ತೊಡಿಸಿದರು. ಇಪ್ಪತ್ತು ಮೂವತ್ತು ಕೈಗಳು ಅವಳ ಕೆನ್ನೆಗೆ ಅರಿಶಿನ ಹಚ್ಚಿದವು. ಯಾರೋ ಒಬ್ಬಳು ಹಾಡಿನ ನಡುವೆ ಕೆಮ್ಮಿದಳು. ಹಾಡು ನಿಲ್ಲಲಿಲ್ಲ.

ಒಂಬತ್ತನೆಯ ದಿನ ಮಗಳಿಗೆ ಜ್ವರ ಬಂತು. ಹದಿನಾಲ್ಕನೆಯ ದಿನ ನೋವು ಶುರುವಾಗಿ ಏಳು ತಿಂಗಳಷ್ಟೇ ತುಂಬಿದ ಹೆಣ್ಣುಕೂಸು ಹುಟ್ಟಿತು. ಅಂಗೈಯಗಲದ ಕೂಸು, ಆದರೆ ಅಳು ದೊಡ್ಡದು. ತಾಯಿಗೆ ಅದನ್ನು ಎತ್ತಿಕೊಳ್ಳುವಷ್ಟು ಉಸಿರಿರಲಿಲ್ಲ. ಎರಡು ದಿನ ಬಾಯಿ ತೆರೆದು ಗಾಳಿ ಹುಡುಕಿದಳು. ಮೂರನೆಯ ದಿನ ಬೆಳಗ್ಗೆ ಹುಡುಕುವುದನ್ನು ಬಿಟ್ಟಳು.

ನೆರಳು ಕಾಲಡಿಗೆ ಬಂದಾಗ ಗಂಟಿನಕ್ಕ ಹೆಬ್ಬಾಗಿಲಿಗೆ ಬಂದಳು. ಈ ಸಲ ಅವಳು ನಿಂತದ್ದು ಹಗ್ಗದ ಪಕ್ಕದಲ್ಲಲ್ಲ, ಐವರ ಎದುರು. ಕೂಸು ಅವಳ ಸೆರಗಿನೊಳಗೆ ಇತ್ತು. ಬೆರಳು ಜೇನಿನಲ್ಲಿ ಅದ್ದಿ ಬಾಯಿಗಿಟ್ಟರೆ ಒಂದು ಗಳಿಗೆ ಸುಮ್ಮನಾಗುತ್ತಿತ್ತು, ಮತ್ತೆ ಅಳುತ್ತಿತ್ತು. ಆ ಅಳು ಬೆಳಗಿನಿಂದ ಸಣ್ಣದಾಗುತ್ತ ಬಂದಿತ್ತು.

"ಜ್ವರ ಇತ್ತಾ?" ಎಂದು ಐವರಲ್ಲಿ ಹೊಸಬನಾದವನೊಬ್ಬ ಕೇಳಿದ.

"ಆ ಪ್ರಶ್ನೆ ಮೊದಲು ಕೇಳೋದಲ್ಲಪ್ಪ" ಎಂದ ಯಜಮಾನ. ಆಮೇಲೆ ಅವಳ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು. ಆ ಹುಡುಗಿ ಅವನ ಕಟ್ಟೆಯ ಮೇಲೆ ಆಡಿ ಬೆಳೆದವಳು. "ಗಂಟಿನಕ್ಕ, ನಿನ್ನನ್ನ ನಾವು ಏನೂ ಕೇಳಲ್ಲ. ನೀನು ಏನು ಹೇಳಿದರೆ ಅದೇ. ಬೇನೆ ಅಂದರೆ ಬೇನೆ. ಈಗಲೇ ಗಂಟು ಹಾಕು, ಯಾರೂ ತಡೆಯಲ್ಲ."

ಅವನು ಮನಸ್ಸಿನಿಂದಲೇ ಹೇಳಿದ. ಹಗ್ಗ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವಳ ಅಂಗೈಗೆ ಅದರ ಒರಟು ಗೊತ್ತಿತ್ತು. ಗಂಟು ಬಿದ್ದರೆ ಊರು ಬೆಚ್ಚುತ್ತದೆ. ಸೀಮಂತಕ್ಕೆ ಬಂದವರೆಲ್ಲ ತಮ್ಮ ಮೈ ಮುಟ್ಟಿ ನೋಡಿಕೊಳ್ಳುತ್ತಾರೆ. ಬಾಗಿಲುಗಳು ಮುಚ್ಚುತ್ತವೆ. ಎಷ್ಟೋ ಜನ ಉಳಿಯುತ್ತಾರೆ. ಅವಳ ಬಾಗಿಲೂ ಮುಚ್ಚುತ್ತದೆ, ನಲವತ್ತು ದಿನ. ಹೊಸ್ತಿಲಾಚೆ ಗಂಜಿ ಬರುತ್ತದೆ. ಮೂರು ದಿನದ ಕೂಸು ಗಂಜಿ ಕುಡಿಯುವುದಿಲ್ಲ.

ಕೂಸು ಸೆರಗಿನೊಳಗೆ ಬಾಯಿ ಆಡಿಸಿತು. ಒಣಗಿದ ಎದೆಯ ಮೇಲೆ ಅದರ ತುಟಿ ಏನನ್ನೋ ಹುಡುಕಿತು.

"ಹೆರಿಗೆ" ಎಂದಳು ಗಂಟಿನಕ್ಕ.

"ಹೆರಿಗೆ" ಎಂದ ಮೊದಲನೆಯವನು. "ಹೆರಿಗೆ" ಎಂದರು ಉಳಿದವರು, ಒಬ್ಬರಾದ ಮೇಲೆ ಒಬ್ಬರು.

ಹೆಣ ಎತ್ತಿದ ಮೇಲೆ ಅಂಬಿಗ ಬೀದಿಗಿಳಿದ. ಹೊತ್ತು ಇಳಿಯುವ ಮುಂಚೆ ಬುಟ್ಟಿ ಹೆಣೆಯುವವಳನ್ನು ಕರೆದುಕೊಂಡು ಬಂದ. ಅವಳು ಹೆತ್ತು ಒಂದು ತಿಂಗಳಾಗಿತ್ತು. ಕಂಕುಳಲ್ಲಿ ಅವಳದೇ ಕೂಸು ನಿದ್ದೆ ಮಾಡುತ್ತಿತ್ತು. ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು. ಅಂಬಿಗ ಬೇಲಿಯ ಹತ್ತಿರವೇ ನಿಂತು ನೆಲ ನೋಡುತ್ತಿದ್ದ, ಒಳಗೆ ಬರಲಿಲ್ಲ.

"ಅಳಬೇಡಿ ಅಕ್ಕ. ನನಗೆ ಎರಡು ಕೂಸಿಗೆ ಆಗುವಷ್ಟಿದೆ. ಇವನು ಕುಡಿದು ಬಿಟ್ಟದ್ದು ಸೋರಿ ಹೋಗುತ್ತೆ ದಿನಾ" ಎಂದಳು ಅವಳು. "ಎಲ್ಲಿ ಪುಟ್ಟಿ?"

ಗಂಟಿನಕ್ಕ ಹೊಸ್ತಿಲಲ್ಲಿ ಅಡ್ಡ ನಿಂತಿದ್ದಳು. ಒಳಗೆ ಕತ್ತಲು, ಮಗಳು ಉಸಿರಾಡಿದ ಗಾಳಿ. ಸೆರಗಿನೊಳಗಿನ ಕೂಸಿನ ಮೈ ಬೆಚ್ಚಗಿತ್ತು, ಇರಬೇಕಾದ್ದಕ್ಕಿಂತ ಒಂಚೂರು ಹೆಚ್ಚೇ.

"ನಿಜ ಹೇಳ್ಬೇಕು ಅಂದ್ರೆ ಬರೋಕೆ ಹೆದರಿಕೆ ಆಗಿತ್ತು" ಎಂದಳು ಬುಟ್ಟಿಯವಳು, ತನ್ನ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸುತ್ತ. "ಅದಕ್ಕೇ ಬರುವಾಗ ಹೆಬ್ಬಾಗಿಲ ಹತ್ರ ನಿಂತು ಹಗ್ಗ ನೋಡ್ಕೊಂಡೇ ಬಂದೆ. ನೆಲ ಮುಟ್ಟಿದೆ ಅಲ್ವಾ ಅಕ್ಕ?"

ಕೂಸು ಅತ್ತಿತು. ಆ ಅಳು ಈಗ ಹತ್ತಿರ ನಿಂತವರಿಗೆ ಮಾತ್ರ ಕೇಳಿಸುವಷ್ಟಿತ್ತು.

"ಮುಟ್ಟಿದೆ" ಎಂದಳು ಗಂಟಿನಕ್ಕ, ಮತ್ತು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.